ಎಡಗಿವಿಯ ಓಲೆ

ಸತ್ತ ಕತ್ತೆಕಿರುಬವನ್ನು ಕಾಲು ಹಿಡಿದೆಳೆದು ತಂದು
ನಮ್ಮ ಕುಲುಮೆಯ ಬಾಗಿಲಿಗೆ ಒಗೆದರು.
ಹೊತ್ತು ಇನ್ನೂ ಗುಡ್ಡದ ಆಚೆಗಿತ್ತು.
ತಾನಾ ಸರೋವರದ ಮಂಜು
ಕಳ್ಳಿಬೇಲಿಯ ತನಕ ಬಂದು
ಒಳಗೆ ಬರಲೋ ಬೇಡವೋ ಎಂದು ನಿಂತಿತ್ತು.

“ಬಿಯಾದ್ಗೆ, ಹೊರಗೆ ಬಾ. ನಿನ್ನ ನೆಂಟ ಬಂದಿದ್ದಾನೆ.”

ಅಪ್ಪ ತಿದಿ ಬಿಡಲಿಲ್ಲ.
ನೇಗಿಲ ಗುಳವೊಂದು ಕೆಂಪೇರುತ್ತಿತ್ತು,
ನಡುವೆ ಬಿಟ್ಟರೆ ಕಬ್ಬಿಣ ಮುನಿಯುತ್ತದೆ.

ಊರಿಗೆಲ್ಲ ಗೊತ್ತು: ಬೆಂಕಿ ಪಳಗಿಸಿದವನ
ಕಣ್ಣೂ ಕೆಂಡ. ನಾವು ಹಾದುಹೋದರೆ
ಉಣ್ಣುವ ಮಕ್ಕಳ ಇಂಜೆರಾ ತಟ್ಟೆಗೆ
ತಾಯಂದಿರು ಶಾಲು ಮುಚ್ಚುತ್ತಾರೆ.
ಕುಲುಮೆಯ ಬೂದಿಯಲ್ಲಿ ಹೊರಳೆದ್ದರೆ ನಮಗೆ
ಕೈ ಮುಂಗಾಲಾಗುತ್ತದಂತೆ, ಬೆನ್ನು ಇಳಿಜಾರು,
ನಗು ಗುಡ್ಡದಿಂದ ಗುಡ್ಡಕ್ಕೆ ಕೇಳುವಷ್ಟು.
ಗುಳ ಕೊಂಡವರು ದುಡ್ಡು ಕೈಗೆ ಕೊಡುವುದಿಲ್ಲ,
ನೆಲಕ್ಕೆ ಎಸೆಯುತ್ತಾರೆ. ಅಪ್ಪ ಹೆಕ್ಕಿ
ನೀರಿಗೆ ಅದ್ದುತ್ತಾನೆ, ಕಾದ ಕಬ್ಬಿಣದ ಹಾಗೆಯೇ.
ಚುಂಯ್ ಅನ್ನುವುದಿಲ್ಲ, ಅಷ್ಟೇ.

ಗುಳ ತಣಿದ ಮೇಲೆ ಹೊರಬಂದ.
ಹೊಡೆದ ದೆರ್ಸೊ ಈಟಿಯ ತುದಿಯಿಂದ
ಅದರ ಎಡಗಿವಿ ಎತ್ತಿ ತೋರಿಸಿದ.

ಓಲೆ.
ಬೆಳ್ಳಿಯದು. ಬಟಾಣಿ ಕಾಳಿನಷ್ಟು.
ಅಂಚಿಗೆ ಏಳು ಗೀರು.

“ಯಾರ ಕೈಕೆಲಸ ಇದು?”
“ನನ್ನದಲ್ಲ.”
“ರಾತ್ರಿ ಎಲ್ಲಿದ್ದೆ?”
“ಸತ್ತದ್ದು ನಾನೇ ಆದರೆ
ಈಗ ನಿಮ್ಮೊಡನೆ ಮಾತಾಡುತ್ತಿರುವವನು ಯಾರು?”

ಹಿಂದೆ ಯಾರೋ ನಕ್ಕುಬಿಟ್ಟ.
ನಕ್ಕದ್ದಕ್ಕೆ ಎಲ್ಲರಿಗೂ ಸಿಟ್ಟು ಬಂತು.
ಪಾದ್ರಿ ಕೊಡೆಯಡಿಯಿಂದ ಶಿಲುಬೆ ಎತ್ತಿದರು,
ಇಳಿಸಿದರು. ಬಿತ್ತನೆಯ ಕಾಲ; ನೆಲ ಕಾಯುವುದಿಲ್ಲ.
ದೆರ್ಸೊ ತನ್ನ ಗುಳ ಹೆಗಲಿಗೇರಿಸಿ ಹೋದ.
ದುಡ್ಡು ಎಸೆಯುವುದನ್ನೂ ಮರೆತ.

ನಾನು ಅದರ ಪಕ್ಕ ಕೂತೆ.
ಕಿವಿಯ ತೂತು ಹೊಸದಲ್ಲ. ಮಾಯ್ದು ಮೆತ್ತಗಾಗಿತ್ತು,
ಹಸುಗೂಸಿಗೆ ಅಜ್ಜಿ ಚುಚ್ಚಿದ ಹಾಗೆ.
ನೊಣಗಳನ್ನು ಓಡಿಸಿದೆ. ಯಾಕೆಂದು
ಕೇಳುವವರು ಯಾರೂ ಅಲ್ಲಿರಲಿಲ್ಲ.

ಅಮ್ಮ ಹೋದಾಗ ನನಗೆ ಆರು ವರ್ಷ.
ಹೊಳೆಯ ಕಲ್ಲಿನ ಮೇಲೆ ಮಡಕೆ ಸಿಕ್ಕಿತು,
ತುಂಬಿಯೇ ಇತ್ತು.
ಉಪ್ಪಿನ ವ್ಯಾಪಾರಿಯ ಜೊತೆ ಅಂದಿತು ಊರು.
ಅಪ್ಪ ಏನೂ ಅನ್ನಲಿಲ್ಲ. ಅಂದಿನಿಂದ ಮಾತ್ರ
ದಿನದ ಬೂದಿಯನ್ನು ಗೋಣಿಯಲ್ಲಿ ಜರಡಿ ಹಿಡಿದು,
ಕಿಟ್ಟ ಆರಿಸಿ, ಹಿತ್ತಿಲಲ್ಲಿ ಹರಡುತ್ತಿದ್ದ,
ಬಾಣಂತಿಗೆ ಹಾಸಿಗೆ ಹಾಸುವವನ ಹಾಗೆ.
ಬೆಳಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತಿದ್ದ.
ಕೆಲವು ದಿನ ಹೆಜ್ಜೆ ಇರುತ್ತಿದ್ದವು.
ನಾಯಿ, ಅನ್ನುತ್ತಿದ್ದ.
ನಾನು ನಂಬಿದೆ. ನಾಯಿ ಬೂದಿಯ ಸುತ್ತ ಸುತ್ತಿ,
ಹೊಸ್ತಿಲ ತನಕ ಬಂದು,
ಹೊರಳದೆ ಹೋಗಿರುತ್ತಿತ್ತು.

ರಾತ್ರಿ ಅತ್ತಿಮರದ ಹಿಂದೆ ಗುಂಡಿ ತೋಡಿದ.
ಬಿಸಿನೀರು ತಾ ಅಂದ. ತಂದೆ.
ಪಂಜಗಳನ್ನು ಒಂದೊಂದಾಗಿ ತೊಳೆದ,
ಉಗುರಿನ ಸಂದಿಯ ಮಣ್ಣನ್ನು
ತನ್ನ ಸಣ್ಣ ಅರದ ತುದಿಯಿಂದ ತೆಗೆದ.
ಪೆಟ್ಟಿಗೆಯೊಳಗಿನ ಬಿಳಿ ಶಾಲು ಬಂತು,
ಕಾಫಿ ಹುರಿದ ಹೊಗೆಯ ವಾಸನೆ ಇನ್ನೂ ಬಿಟ್ಟಿರಲಿಲ್ಲ.

“ಅಂಗಾಲು ಸವೆದುಹೋಗಿದೆ,” ಅಂದ.
“ಬಹಳ ನಡೆದಿದ್ದಾಳೆ.”

ನಾನು ತಿದ್ದಲಿಲ್ಲ.

ಮರುದಿನ ಮೊಳೆಯ ಡಬ್ಬಿಯಲ್ಲಿ ಕೈಯಾಡಿಸುವಾಗ
ಬೆರಳಿಗೆ ಚುಚ್ಚಿತು ಇನ್ನೊಂದು.
ಏಳು ಗೀರು. ಕೊಂಡಿ ಮುರಿದದ್ದು.
ನಾಳೆ ಸರಿಮಾಡಿ ಕೊಡುತ್ತೇನೆಂದು
ತೆಗೆದಿಟ್ಟ ಬಲಗಿವಿಯ ಓಲೆ.
ಕಿಲುಬು ಹತ್ತಿ ಮೊಳೆಗಳ ಬಣ್ಣಕ್ಕೇ ಬಂದಿತ್ತು.

ಸಂಜೆ ಅದನ್ನು ಬೆಂಕಿಗೆ ಹಿಡಿದ,
ಹೊಸ ಕೊಂಡಿ ಎಳೆದ, ಊದಿ ಆರಿಸಿದ,
ಕಿಟಕಿಯ ಮೇಲಿಟ್ಟ. ಯಾರಿಗೆ ಅನ್ನಲಿಲ್ಲ.
ನನ್ನ ಕಿವಿ ಚುಚ್ಚಿಸಿಲ್ಲ, ಅದು ಅವನಿಗೆ ಗೊತ್ತು.

ಆಮೇಲೆ ಗೋಣಿ ಎತ್ತಿಕೊಂಡು ಹಿತ್ತಿಲಿಗೆ ಹೋದ.
ಜರಡಿ ಹಿಡಿಯುವ ಸದ್ದು ಬಹಳ ಹೊತ್ತು ಕೇಳಿತು.